ನೊಂದವನೂ ನೋಯಿಸಿದವನೂ

ಸಿಂಧನೂರು ತಾಲ್ಲೂಕಿನ ಜವಳಗೇರಾದ ಎಡಬಲದ ಹೊಲಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಬಂದು, ಎರೆಭೂಮಿಯ ಜೋಳದ ಸೀಮೆಯು ಭತ್ತದ ಸೀಮೆಯಾಗಿ ಮಾರ್ಪಟ್ಟ ಮೇಲೆ, ಇಲ್ಲಿಯ ರೈತನಿಗೆ ದೂರದರ್ಶನದ ಪರದೆಯಲ್ಲಿ ಎರಡೇ ವೇಷಗಳು ಉಳಿದಿವೆಯೆಂದು ತೋರುತ್ತದೆ: ನೀರು ಮುಟ್ಟದೆ ಬೆಳೆ ಒಣಗಿದ ವರ್ಷ ಅವನು ಸಂತ್ರಸ್ತ, ಕಾಲುವೆಗೆ ಪಂಪು ಹಚ್ಚಿದ ವರ್ಷ ಅವನೇ ಖಳ. ಎಡದಂಡೆಯ ಯೋಜನೆಯನ್ನು ರೂಪಿಸಿದವರು ಬಹುಭಾಗದ ಭೂಮಿಗೆ ಜೋಳ, ಹತ್ತಿಯಂಥ ಅಲ್ಪ ನೀರಿನ ಬೆಳೆಗಳನ್ನೇ ಗೊತ್ತುಮಾಡಿದ್ದರು. ಭತ್ತದ ಆಕರ್ಷಣೆಯೂ ಸಾಲದ ಕಂತೂ ಕೂಡಿ ಆ ಲೆಕ್ಕಾಚಾರವನ್ನು ಮೀರಿದವು. ಮೇಲ್ಭಾಗದವನು ಭತ್ತ ಹಚ್ಚಿದರೆ ಕೊನೆಭಾಗದ ಹೊಲಕ್ಕೆ ನೀರು ಮುಟ್ಟದೆಂಬುದು ಸತ್ಯವೇ ಸರಿ. ಆದರೆ ಇವೆರಡರ ನಡುವಿರುವ ಜವಳಗೇರಾದವನು ಮೇಲ್ಭಾಗದ ಗಂಗಾವತಿಯ ಕಡೆಗೆ ಮುಖಮಾಡಿದಾಗ ನೊಂದವನು, ಕೊನೆಭಾಗದ ಮಾನ್ವಿಯ ಕಡೆಗೆ ತಿರುಗಿದಾಗ ನೋಯಿಸಿದವನು. ಅವನು ಮುಖ ತಿರುಗಿಸುವವರೆಗೆ ಕಾದು ನಿಲ್ಲುವ ವ್ಯವಧಾನ ಕ್ಯಾಮೆರಾಕ್ಕಿಲ್ಲ.

ಈ ವೇಷಗಟ್ಟುವಿಕೆಯನ್ನು ರಾಯಚೂರು ಜಿಲ್ಲೆಯು ತೀರ ಸಮೀಪದಿಂದ ಕಂಡದ್ದು 2007ರಲ್ಲಿ. ಹಿಂದಿನ ವರ್ಷದ ಜುಲೈ ತಿಂಗಳಲ್ಲಿ ಹರಿಯಾಣದ ಹಲ್ದಾಹೇರಿ ಎಂಬ ಹಳ್ಳಿಯಲ್ಲಿ ಕೊಳವೆಬಾವಿಗೆ ಬಿದ್ದ ಬಾಲಕನನ್ನು ಸೇನೆಯವರು ಸುಮಾರು 50 ಗಂಟೆಗಳ ತರುವಾಯ ಜೀವಂತ ಮೇಲೆತ್ತಿದ ದೃಶ್ಯವನ್ನು ದೇಶವೆಲ್ಲ ನೇರಪ್ರಸಾರದಲ್ಲಿ ನೋಡಿ ಕಣ್ಣೊರೆಸಿಕೊಂಡಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಟಿವಿ9 ಸುದ್ದಿವಾಹಿನಿಯು ಕನ್ನಡಕ್ಕೂ ಬಂದು ಕೆಲವೇ ತಿಂಗಳು ಕಳೆದಿದ್ದವು. ಅಷ್ಟರಲ್ಲಿ ಮಾನ್ವಿ ತಾಲ್ಲೂಕಿನ ನೀರಮಾನ್ವಿಯಲ್ಲಿ ಬಾಲಕನೊಬ್ಬ ಕೊಳವೆಬಾವಿಗೆ ಬಿದ್ದ. ಅವನು ಬದುಕಿ ಬರಲಿಲ್ಲ. ಹರಿಯಾಣದ ಕಥೆಗೆ ಸುಖಾಂತವಿದ್ದುದರಿಂದ ಅದಕ್ಕೆ ವೀರರು ದೊರೆತಿದ್ದರು. ದುರಂತದ ಕಥೆಗಾದರೋ ವೀರನಿಂದ ಪ್ರಯೋಜನವಿಲ್ಲ, ಅಪರಾಧಿಯೇ ಬೇಕು. ಬಾವಿಯ ಬಾಯಿ ಮುಚ್ಚದೆ ಬಿಟ್ಟವರಾರು ಎಂಬ ಪ್ರಶ್ನೆಯನ್ನು ಏರುದನಿಯಲ್ಲಿ ಕೇಳುವುದು ಸುಲಭ, ಏಕೆಂದರೆ ಉತ್ತರಕ್ಕೆ ಒಂದು ಹೆಸರು ಸಾಕು.

ಬಾಯಿ ತೆರೆದೇ ಉಳಿಯುವುದು ಏಕೆಂಬ ಪ್ರಶ್ನೆಗೆ ಒಂದು ಹೆಸರು ಸಾಲದು. ಸಾಲ ತಂದು, ತೆಂಗಿನಕಾಯಿ ಹಿಡಿದು ನೀರು ನೋಡುವವನನ್ನು ಕರೆಯಿಸಿ, ತಮಿಳುನಾಡಿನ ತಿರುಚೆಂಗೋಡಿನ ಕಡೆಯಿಂದ ಬರುವ ಬೋರ್‌ವೆಲ್ ಲಾರಿಗೆ ಅಡಿಯ ಲೆಕ್ಕದಲ್ಲಿ ಹಣ ಸುರಿದು, ಕೊನೆಗೆ ಬರಿಯ ಧೂಳನ್ನು ಕಂಡ ರೈತನು, ಮೇಲ್ಮಣ್ಣು ಕುಸಿಯದಿರಲೆಂದು ಇಳಿಸಿದ್ದ ಕೇಸಿಂಗ್ ಪೈಪನ್ನಾದರೂ ಉಳಿಸಿಕೊಳ್ಳೋಣವೆಂದು ಅದನ್ನು ಕೀಳಿಸುತ್ತಾನೆ. ಮುಂದಿನ ಬೋರಿಗೆ ಅದು ಬೇಕು. ಇಲ್ಲವಾದರೆ ಮಾರಿದರೂ ನಾಲ್ಕು ಕಾಸು. ಪೈಪು ಹೋದ ಕುಳಿಯ ಮೇಲೆ ಚಪ್ಪಡಿಯನ್ನೋ ಮುಳ್ಳುಕಂಟಿಯನ್ನೋ ಎಳೆದರೆ ಆಯಿತು. ಇದು ಅಪರಾಧವಲ್ಲವೆಂದು ನಾನು ಹೇಳಲಾರೆ. ಆದರೆ ಅಂತರ್ಜಲವನ್ನು ಪಾತಾಳಕ್ಕಿಳಿಸಿದ ವ್ಯವಸ್ಥೆಯೂ, ಫೇಲಾದ ಬೋರಿನ ಸಾಲವನ್ನು ರೈತನೊಬ್ಬನ ತಲೆಗೇ ಕಟ್ಟುವ ಪದ್ಧತಿಯೂ ಪರದೆಯ ಮೇಲೆ ಬರುವುದಿಲ್ಲ. ಅವಕ್ಕೆ ಮುಖವಿಲ್ಲ, ಮುಖವಿಲ್ಲದ್ದರ ಮುಂದೆ ಮೈಕು ಹಿಡಿಯಲಾಗದು.

2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಾಲಕಿಯೊಬ್ಬಳು ಕೊಳವೆಬಾವಿಗೆ ಬಿದ್ದು ಸತ್ತಾಗ ಹೊಲದ ಯಜಮಾನನು ಬೇರೆಯವನಾಗಿದ್ದನಾದ್ದರಿಂದ ಪಾತ್ರಹಂಚಿಕೆ ಸರಾಗವಾಯಿತು. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಹಾಗಾಗಲಿಲ್ಲ. ಅಲ್ಲಿ ಮಗು ಬಿದ್ದದ್ದು ತಂದೆಯದೇ ಹೊಲದ ಬೋರಿಗೆ. ಗೋಳಿಡುತ್ತಿರುವ ತಂದೆಯೇ ತೆರೆದ ಬಾವಿಯ ಒಡೆಯನಾಗಿ ನಿಂತಾಗ ನಿರೂಪಕನು ಅವನನ್ನು ಯಾವ ಕಡೆ ಕೂಡಿಸಬೇಕು? ಕೂಡಿಸಲಾರದೆ ಕಥೆಯನ್ನು ಯಂತ್ರಗಳ ಕಡೆಗೆ, ಅಗೆತದ ಅಡಿಗಳ ಕಡೆಗೆ, ಅಧಿಕಾರಿಗಳ ವಿಳಂಬದ ಕಡೆಗೆ ತಿರುಗಿಸುವುದು ಈ ಕಾರ್ಯಕ್ರಮಗಳ ವಾಡಿಕೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಹಸುಳೆಯನ್ನು ಸುಮಾರು 20 ಗಂಟೆಗಳಲ್ಲಿ ಬದುಕಿಸಿ ತೆಗೆದರು. ಅದು ಮನೆಯವರದೇ ಹೊಲ, ಮನೆಯವರೇ ಕೊರೆಸಿದ ಬೋರು. ಆದರೆ ಮಗು ಬದುಕಿತಾದ್ದರಿಂದ ಖಳನನ್ನು ಹುಡುಕುವ ಗೊಡವೆ ಯಾರಿಗೂ ಉಳಿಯಲಿಲ್ಲ. ಅಪರಾಧವೆಂಬುದು ಕೃತ್ಯದಿಂದಲ್ಲ, ಕಥೆಯ ಮುಕ್ತಾಯದಿಂದ ನಿರ್ಣಯವಾಗುತ್ತದೆಯೆ?

ಒಂದು ಸಮುದಾಯವನ್ನೇ ಖಳಸ್ಥಾನದಲ್ಲಿ ಕೂಡಿಸಿದಾಗ, ವಿಳಂಬವಾಗಿಯಾದರೂ, ಕೇಳುವವರಿದ್ದಾರೆ. 2020ರಲ್ಲಿ ತಬ್ಲೀಗಿ ಜಮಾತಿನವರನ್ನು ಕೊರೊನಾ ರೋಗದ ಕರ್ತೃಗಳೆಂಬಂತೆ ಬಿಂಬಿಸಿದುದಕ್ಕಾಗಿ ಸುದ್ದಿವಾಹಿನಿಗಳ ಸ್ವನಿಯಂತ್ರಣ ಪ್ರಾಧಿಕಾರವು 2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ವಿಧಿಸಿತು. ಆ ದೂರನ್ನು ಕೊಟ್ಟದ್ದು ದ್ವೇಷಭಾಷಣದ ವಿರುದ್ಧ ದುಡಿಯುವ ಬೆಂಗಳೂರಿನ ಬಳಗವೊಂದು. ಒಂಟಿ ಹೊಲದ ಒಂಟಿ ಸಾಲಗಾರನ ಪರವಾಗಿ ದೂರು ಬರೆಯುವ ಬಳಗ ಸಿಂಧನೂರಿನಲ್ಲಿಯೂ ಇಲ್ಲ, ಮಾನ್ವಿಯಲ್ಲಿಯೂ ಇಲ್ಲ.

ಸುಪ್ರೀಂ ಕೋರ್ಟು 2010ರ ಫೆಬ್ರವರಿಯಲ್ಲಿಯೇ ಕೊಳವೆಬಾವಿಗಳಿಗೆ ನಿಯಮಗಳನ್ನು ಕಟ್ಟಿಕೊಟ್ಟಿದೆ: ಕೊರೆಸುವ 15 ದಿನ ಮೊದಲೇ ಅಧಿಕಾರಿಗೆ ತಿಳಿಸತಕ್ಕದ್ದು, ಸುತ್ತ ಬೇಲಿ ಹಾಕತಕ್ಕದ್ದು, ಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮುಚ್ಚತಕ್ಕದ್ದು; ಊರೂರಿನ ಬಿಟ್ಟ ಬಾವಿಗಳ ಲೆಕ್ಕ ಜಿಲ್ಲಾಮಟ್ಟದಲ್ಲಿ ಇರತಕ್ಕದ್ದು. ಜವಳಗೇರಾಕ್ಕೋ ನೀರಮಾನ್ವಿಗೋ ಕ್ಯಾಮೆರಾ ಮತ್ತೆ ಬರುವುದಾದರೆ, ಯಾವ ಮಗುವೂ ಬೀಳದಿರುವ ಒಂದು ಸಾಮಾನ್ಯ ಮಂಗಳವಾರ ಬಂದು, ಆ ಲೆಕ್ಕದ ಪುಸ್ತಕವನ್ನು ತೋರಿಸಿರೆಂದು ಕೇಳಬಹುದು.