ಅಂಗಡಿಯ ಪರದೆಯಲ್ಲೊಂದು ಪಾಲು

ಜಪಾನಿನ ಹಳೆಯ ಪೇಟೆಬೀದಿಗಳಲ್ಲಿ ಅಂಗಡಿಗಳ ಬಾಗಿಲ ಮೇಲೆ ಸೀಳು ಬಿಟ್ಟ ಬಟ್ಟೆಯ ಪರದೆಯೊಂದು ತೂಗಾಡುತ್ತಿರುತ್ತದೆ. ಅದರ ಹೆಸರು ನೋರೆನ್. ಅಂಗಡಿಯ ಹೆಸರೋ ಗುರುತೋ ಅದರ ಮೇಲಿರುತ್ತದೆ. ಬೆಳಗ್ಗೆ ಹೊರಗೆ ತೂಗುಹಾಕಿದರೆ ವ್ಯಾಪಾರ ಶುರು, ಒಳಗೆ ತೆಗೆದಿಟ್ಟರೆ ಅಂದಿನ ವ್ಯಾಪಾರ ಮುಗಿಯಿತು. ನೋಡುವವರಿಗೆ ಅದು ಬರೀ ಬಟ್ಟೆ. ವ್ಯಾಪಾರಿಗೆ ಅದು ತಲೆಮಾರುಗಳು ಗಳಿಸಿಟ್ಟ ಹೆಸರು.

ಎಡೊ ಕಾಲದಲ್ಲಿ (1603-1868) ಹತ್ತು ಹನ್ನೆರಡು ವರ್ಷದ ಹುಡುಗರು ವರ್ತಕರ ಮನೆ ಸೇರುತ್ತಿದ್ದರು. ಕಸ ಗುಡಿಸುವುದು, ಹೇಳಿದ ಕಡೆ ಓಡುವುದು, ಬಿಡುವಾದಾಗ ಓದು, ಬರಹ, ಮಣಿಚೌಕಟ್ಟಿನ ಲೆಕ್ಕ. ಕಷ್ಟದ ಬದುಕು, ನಡುವೆಯೇ ಬಿಟ್ಟುಹೋದವರು ಹಲವರು. ವರ್ಷಗಟ್ಟಲೆ ನಂಬಿಕೆಯಿಂದ ದುಡಿದವನಿಗೆ ಯಜಮಾನ ಅದೇ ಹೆಸರಿನಲ್ಲಿ ಬೇರೆ ಅಂಗಡಿ ತೆರೆಯಲು ಒಪ್ಪಿಗೆ ಕೊಡುತ್ತಿದ್ದ. ಇದೇ ‘ನೋರೆನ್-ವಾಕೆ’, ಎಂದರೆ ಪರದೆಯ ಪಾಲು. ಆಸ್ತಿಯಲ್ಲಿ ಪಾಲು ನಮಗೆ ಗೊತ್ತು. ಇದು ಹೆಸರಿನಲ್ಲಿ ಪಾಲು.

ಕಮ್ಮಾರನ ಮಗ

ಈ ಪದ್ಧತಿಯ ಬಲದಿಂದಲೇ ಮೇಲೆ ಬಂದವರು ಸೊಯಿಚಿರೊ ಹೋಂಡಾ (1906-1991). ಕಮ್ಮಾರನ ಮಗನಾದ ಅವರು 1922ರಲ್ಲಿ ಟೋಕಿಯೋದ ‘ಆರ್ಟ್ ಶೋಕೈ’ ಎಂಬ ಕಾರು ರಿಪೇರಿ ಅಂಗಡಿ ಸೇರಿದರು. ಮೊದಲ ತಿಂಗಳುಗಳಲ್ಲಿ ಸಿಕ್ಕಿದ್ದು ಸ್ಪ್ಯಾನರ್ ಅಲ್ಲ, ಯಜಮಾನರ ಮಗುವನ್ನು ಆಡಿಸುವ ಕೆಲಸ! ಆದರೂ ಅಲ್ಲೇ ಪಳಗಿ, 1928ರಲ್ಲಿ ಅದೇ ಹೆಸರಿನ ಶಾಖೆಯನ್ನು ಹಮಾಮತ್ಸು ಪಟ್ಟಣದಲ್ಲಿ ತೆರೆದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ.

ಮುಂದೆ ಪಿಸ್ಟನ್ ರಿಂಗ್ ತಯಾರಿಸಲು ಹೊರಟಾಗ ಕೈಚಳಕವೊಂದೇ ಸಾಲಲಿಲ್ಲ. ಟೊಯೊಟಾ ಕಂಪೆನಿಯ ಪರೀಕ್ಷೆಗೆ ಕಳಿಸಿದ ಐವತ್ತು ರಿಂಗ್‌ಗಳಲ್ಲಿ ಪಾಸಾದದ್ದು ಮೂರೇ. ಲೋಹವಿದ್ಯೆ ತಮಗೆ ತಿಳಿಯದೆಂದು ಕಂಡುಕೊಂಡ ಹೋಂಡಾ, ಮೂವತ್ತರ ವಯಸ್ಸಿನಲ್ಲಿ ಊರಿನ ತಾಂತ್ರಿಕ ಕಾಲೇಜಿನ ಬೆಂಚಿನ ಮೇಲೆ ಹೋಗಿ ಕುಳಿತರು. ‘ಓದದೆಯೇ ದೊಡ್ಡವರಾದರು’ ಎಂದು ಅವರ ಉದಾಹರಣೆ ಕೊಡುವವರು ಈ ಭಾಗವನ್ನು ಮರೆಯುತ್ತಾರೆ.

ಯುದ್ಧ ಮುಗಿದ ಮೇಲೆ ಆ ಉದ್ಯಮವನ್ನು ಟೊಯೊಟಾ ಬಳಗಕ್ಕೆ ಮಾರಿ, 1946ರಲ್ಲಿ ಹೊಸದಾಗಿ ಶುರುಮಾಡಿದರು. ಸೇನೆಯ ರೇಡಿಯೋ ಜನರೇಟರ್‌ಗಳ ಪುಟ್ಟ ಎಂಜಿನ್‌ಗಳನ್ನು ಸೈಕಲ್ಲಿಗೆ ಜೋಡಿಸಿದರು; ಬಿಸಿನೀರಿನ ಬಾಟಲಿಯೇ ಮೊದಲ ಪೆಟ್ರೋಲ್ ಟ್ಯಾಂಕು. 1949ರಲ್ಲಿ ಜೊತೆಗೂಡಿದ ತಕೆಒ ಫುಜಿಸಾವಾ ಹಣ ಮತ್ತು ಮಾರಾಟದ ಹೊಣೆ ಹೊತ್ತರು. 1973ರಲ್ಲಿ ಇಬ್ಬರೂ ಒಟ್ಟಿಗೇ ನಿವೃತ್ತರಾದರು. ಅಧ್ಯಕ್ಷ ಪದವಿ ಮಗನಿಗಲ್ಲ, ಕಂಪೆನಿಯಲ್ಲೇ ಬೆಳೆದ ಎಂಜಿನಿಯರ್ ಒಬ್ಬರಿಗೆ ಹೋಯಿತು. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಲ್ಲಿ ಆರಂಭವಾದ ಸ್ಕೂಟರ್ ಕಾರ್ಖಾನೆ ಇದೇ ಕಂಪೆನಿಯದು.

ಪರದೆಯ ಹಿಂದೆ

ಹಾಗೆಂದು ಜಪಾನಿನಲ್ಲಿ ಸ್ವಂತ ಉದ್ಯಮ ಸುಲಭವೆಂದು ತಿಳಿಯಬೇಕಿಲ್ಲ. ಒಳ್ಳೆಯ ಕಾಲೇಜು, ದೊಡ್ಡ ಕಂಪೆನಿ, ನಿವೃತ್ತಿಯವರೆಗೆ ಒಂದೇ ಕೆಲಸ ಎಂಬುದೇ ಯುದ್ಧಾನಂತರದ ತಂದೆ ತಾಯಿಯರ ಕನಸಾಗಿತ್ತು. ಉದ್ಯಮದ ಸಾಲಕ್ಕೆ ಮಾಲೀಕನೇ ಜಾಮೀನು ನಿಲ್ಲುವ ರೂಢಿಯಿದ್ದುದರಿಂದ, ಅಂಗಡಿ ಮುಳುಗಿದರೆ ಮನೆಯೂ ಹೋಗುತ್ತಿತ್ತು. ಷೇರು ಕಂಪೆನಿ ಸ್ಥಾಪಿಸಲು ಕನಿಷ್ಠ ಒಂದು ಕೋಟಿ ಯೆನ್ ಬಂಡವಾಳ ಬೇಕೆಂಬ ನಿಯಮ ರದ್ದಾದದ್ದು 2006ರಲ್ಲಿ.

ಹಳೆಯ ಹೆಸರೊಂದೇ ಕಾಯುವುದೂ ಇಲ್ಲ. ಕ್ರಿ.ಶ. 578ರಿಂದ ದೇವಾಲಯ ಕಟ್ಟುತ್ತ ಬಂದಿದ್ದ ‘ಕೊಂಗೊ ಗುಮಿ’ ಸಾಲದಲ್ಲಿ ಸಿಲುಕಿ, 2006ರಲ್ಲಿ ಬೇರೊಂದು ನಿರ್ಮಾಣ ಕಂಪೆನಿಯ ಕೈಸೇರಿತು.

ಮಕ್ಕಳು ‘ಸ್ವಂತ ಅಂಗಡಿ ಇಡುತ್ತೇನೆ’ ಎಂದಾಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ: ದುಡ್ಡು ಎಲ್ಲಿಂದ? ಅದು ಬೇಕಾದ ಪ್ರಶ್ನೆಯೇ. ಅದರ ಜೊತೆಗೆ ಇನ್ನೂ ಮೂರು ಕೇಳಬಹುದು: ಈ ಕೆಲಸ ಯಾರ ಬಳಿ ಕಲಿತೆ? ಲೆಕ್ಕ ನೋಡುವವರು ಯಾರು? ನಿನ್ನ ಮಾತನ್ನು ನಂಬಿ ಸರಕು ಕೊಡುವವರು ಎಷ್ಟು ಮಂದಿ? ಈ ಮೂರಕ್ಕೆ ಉತ್ತರ ಸಿದ್ಧವಿದ್ದರೆ, ಮೊದಲನೆಯ ಪ್ರಶ್ನೆಯ ಭಾರ ಅರ್ಧ ಇಳಿದಂತೆ.