ಏರಿ ಇಳಿಯುವ ಒಂದು ಸಂಖ್ಯೆ

ಬೋರನಕಣಿವೆಯಿಂದ ಮೊದಲಾಗುವ ಒಂದು ತೆಂಗಿನ ತೋಟವನ್ನು ಕಲ್ಪಿಸಿಕೊಳ್ಳೋಣ. ಸಾಲಿಗೆ 111111 ಮರಗಳು. ಅಂತಹ ಸಾಲುಗಳೂ 111111. ಮರದಿಂದ ಮರಕ್ಕೆ 30 ಅಡಿ ಬಿಟ್ಟರೆ ಒಂದು ಸಾಲೇ 631 ಮೈಲಿಯಷ್ಟಾಗುವುದು. ತೆಂಕಣಕ್ಕೆ ನೆಡುತ್ತ ಹೋದರೆ ಕಡೆಯ ಸಸಿಗಳನ್ನು ಸಮುದ್ರದಲ್ಲಿ ನೆಡಬೇಕಾದೀತು. ತಿಪಟೂರು, ತುರುವೇಕೆರೆಗಳ ತೋಟಗಾರರು ಇದಕ್ಕೆ ಒಪ್ಪಲಾರರು. ಆದರೆ ಮರಗಳ ಮೊತ್ತವು ನೋಡತಕ್ಕದ್ದಾಗಿದೆ: 12345654321. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೆ ಮೇಲ್ಪಟ್ಟ ಈ ಸಂಖ್ಯೆಯು ಒಂದರಿಂದ ಆರಕ್ಕೆ ಏರಿ, ಪುನಃ ಒಂದಕ್ಕೆ ಇಳಿಯುವುದು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಇದು ಕನ್ನಡನಾಡಿಗೆ ಹಳೆಯ ಪರಿಚಯ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಎಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಗುಣಾಕಾರದ ಲೆಕ್ಕಗಳಲ್ಲಿ 27994681ನ್ನು 441ರಿಂದ ಗುಣಿಸಿದರೆ ಇದೇ ಸಂಖ್ಯೆ ದೊರೆಯುವುದು. 142857143ನ್ನು 7ರಿಂದ ಗುಣಿಸಿ 1000000001ನ್ನು ಪಡೆಯುವ ಲೆಕ್ಕವೂ ಅಲ್ಲುಂಟು. ಇಂತಹ ಗುಣಲಬ್ಧಗಳನ್ನು ಆಚಾರ್ಯನು ಕಂಠಾಭರಣಗಳೆಂದು ಕಂಡನು. ಶಿಷ್ಯನ ಬೇಸರವನ್ನು ಅರಿತ ಉಪಾಧ್ಯಾಯನೆನ್ನಬೇಕು! ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು.

ಈ ಹಾರ ಹೇಗೆ ಕಟ್ಟಿಕೊಂಡಿತು? 111111ನ್ನು ಅದರಿಂದಲೇ ಗುಣಿಸುವಾಗ ನಾವು ಅದನ್ನೇ ಆರು ಸಲ, ಸಲಸಲಕ್ಕೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ, ಕೆಳಕೆಳಗೆ ಬರೆಯುತ್ತೇವಷ್ಟೆ. ಬಲತುದಿಯ ಕಂಬದಲ್ಲಿ ಒಂದೇ ಒಂದು. ಅದರ ಎಡಕ್ಕೆ ಎರಡು ಒಂದುಗಳು. ನಡುವಣ ಕಂಬದಲ್ಲಿ ಆರು. ಮುಂದೆ ಮತ್ತೆ ಕಡಮೆ. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕವು ಪಕ್ಕದ ಸ್ಥಾನಕ್ಕೆ ಹೋಗಿ ಹಾರವನ್ನು ಕೆಡಿಸುವುದಿಲ್ಲ.

441ರ ಗುಟ್ಟು ಬೇರೆಯದು. 111111 ಎಂಬುದು 111 ಮತ್ತು 1001ರ ಗುಣಲಬ್ಧ. 111 ಎಂದರೆ ಮೂರು ಮೂವತ್ತೇಳು. 1001 ಎಂದರೆ 7, 11, 13ರ ಗುಣಲಬ್ಧ. ಇವುಗಳಲ್ಲಿ 3ನ್ನೂ 7ನ್ನೂ ಕೂಡಿಸಿ ಗುಣಿಸಿದರೆ 21. ಮಿಕ್ಕ 11, 13, 37ರಿಂದ 5291. ನಮ್ಮ ತೋಟವನ್ನು ಉದ್ದಕ್ಕೆ 21, ಅಗಲಕ್ಕೆ 21 ತಾಕುಗಳಾಗಿ ವಿಭಾಗಿಸಿದರೆ ಒಟ್ಟು 441 ತಾಕು. ಒಂದೊಂದರಲ್ಲಿಯೂ 5291ರ ವರ್ಗ, ಎಂದರೆ ಆಚಾರ್ಯನ 27994681 ಮರಗಳು. ಐದು ಅವಿಭಾಜ್ಯಗಳೂ ಎರಡೆರಡು ಸಲ ಬರುವುದರಿಂದ ಈ ಮೊತ್ತವನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು 243.

ಇವೆರಡರಲ್ಲಿ ಈ ಭಾಗಶೀಲತೆಯೇ ಹೆಚ್ಚಿನದೆಂದು ನಮ್ಮ ಅಭಿಪ್ರಾಯ. ಹಾರದ ಚೆಲುವು ನಾವು ಹತ್ತರ ಕ್ರಮದಲ್ಲಿ ಬರೆಯುವುದರಿಂದ ಬಂದದ್ದು. ಹನ್ನೆರಡರ ಕ್ರಮದಲ್ಲಿ ಇದೇ ಮೊತ್ತವನ್ನು ಬರೆದರೆ ಅದು ಕಾಣದು. 243 ಭಾಜಕಗಳಾದರೋ ಹೇಗೆ ಬರೆದರೂ 243.

ಒಂಬತ್ತು ಒಂದುಗಳವರೆಗೆ ಹಾರ ನಿಲ್ಲುವುದು: 12345678987654321. ಹತ್ತು ಒಂದುಗಳ ವರ್ಗದಲ್ಲಿ ನಡುಗಂಬವು ಹತ್ತಾಗಿ, ದಶಕವು ಎಡಕ್ಕೆ ಸರಿದು, 1234567900987654321 ಆಗುವುದು. ಎಡಪಕ್ಕದಲ್ಲಿ ಎಂಟು ಮಾಯವಾಯಿತು. ಹಾಗೆ ಮುರಿದು ಉಳಿದ 12345679ನ್ನೂ ಆಚಾರ್ಯನು ಬಿಟ್ಟಿಲ್ಲ. ಒಂಬತ್ತರಿಂದ ಅದನ್ನು ಗುಣಿಸಿ 111111111ನ್ನು ಮಾಡಿದ್ದಾನೆ.