ಹಣತೆಯ ಲೆಕ್ಕ ಮೇಣದ ಬತ್ತಿಗೆ ನಡೆಯದು

ಮನೆಯಲ್ಲಿ ಮೇಣದ ಬತ್ತಿ ಎರೆಯಲು ಕೂತವರ ಮೊದಲ ಸೋಲು ಸಾಮಾನ್ಯವಾಗಿ ಎರಡು ಬಗೆ. ಒಂದೋ ಉರಿ ಕಡಲೆಬೇಳೆಯಷ್ಟಾಗಿ, ತಾನೇ ಕರಗಿಸಿದ ಮೇಣದಲ್ಲಿ ಮುಳುಗಿ ಆರುತ್ತದೆ. ಇಲ್ಲವೇ ಬೆರಳುದ್ದ ಎದ್ದು ಕುಣಿದು ಗೋಡೆಗೆ ಮಸಿ ಬಳಿಯುತ್ತದೆ. ಸ್ಟೀಲ್ ಲೋಟದಲ್ಲಿ ನಾನು ಎರೆದ ಮೊದಲ ಬತ್ತಿ ಮುಳುಗಿದ ಜಾತಿಯದು. ಮೇಣ ಕಳಪೆ ಎಂದು ಅಂಗಡಿಯವನನ್ನು ಬೈದುಕೊಂಡೆ. ತಪ್ಪು ಅವನದಾಗಿರಲಿಲ್ಲ. ನಮ್ಮ ಕೈಗೆ ರೂಢಿಯಿರುವುದು ಎಣ್ಣೆದೀಪ. ಹಣತೆಯಲ್ಲಿ ಎಣ್ಣೆ ಮೊದಲೇ ದ್ರವವಾಗಿರುತ್ತದೆ. ಮೇಣದ ಬತ್ತಿಯಾದರೋ ತನ್ನ ಅಡುಗೆ ತಾನೇ ಮಾಡಿಕೊಂಡು ಉಣ್ಣಬೇಕು. ಕೆಳಗಿನ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸ ಮರೆತದ್ದರಿಂದಲೇ ಹುಟ್ಟಿದವು.

ತಪ್ಪು ಕಲ್ಪನೆ: ಉರಿಯುವುದು ದಾರ, ಮೇಣ ಅದನ್ನು ನೆಟ್ಟಗೆ ಹಿಡಿದುಕೊಳ್ಳಲು ಮಾತ್ರ.

ವಾಸ್ತವ: ಉರಿಯುವುದು ಮೇಣದ ಆವಿ. ಉರಿಯ ಕಾವಿಗೆ ಮೇಣ ಕರಗುತ್ತದೆ. ಪಂಚೆಯ ಅಂಚು ಬಕೆಟ್ ನೀರಿಗೆ ತಾಗಿದರೆ ತೇವ ಮೇಲೇರುವ ಹಾಗೆ ಅದು ದಾರದೊಳಗೆ ಏರಿ, ತುದಿಯಲ್ಲಿ ಆವಿಯಾಗಿ ಹೊತ್ತಿಕೊಳ್ಳುತ್ತದೆ. ನಂಬಿಕೆ ಬಾರದಿದ್ದರೆ ಬತ್ತಿಯನ್ನು ಮೆಲ್ಲಗೆ ಊದಿ ಆರಿಸಿ, ಮೇಲೇಳುವ ಬಿಳಿ ಹೊಗೆಗೆ ಕಡ್ಡಿ ಗೀರಿ ಹಿಡಿಯಿರಿ. ದಾರ ಮುಟ್ಟುವ ಮೊದಲೇ ಬೆಂಕಿ ಹೊಗೆಯಗುಂಟ ಇಳಿದು ಬತ್ತಿಯನ್ನು ಹೊತ್ತಿಸುತ್ತದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಮಕ್ಕಳಿಗೆಂದು ಮೇಣದ ಬತ್ತಿಯ ಮೇಲೆ ಕೊಟ್ಟ ಪ್ರಸಿದ್ಧ ಉಪನ್ಯಾಸಗಳಲ್ಲಿ ಈ ಆಟವೂ ಇತ್ತು. ಆ ಮಾತುಗಳು 1861ರಲ್ಲಿ ಪುಸ್ತಕವಾದವು. ಇಷ್ಟು ತಿಳಿದರೆ ಉರಿಯ ಗಾತ್ರದ ಗುಟ್ಟು ಕೈಗೆ ಸಿಕ್ಕಂತೆ. ಮೇಣ ಕರಗುವ ವೇಗಕ್ಕೂ ದಾರ ಅದನ್ನು ಹೀರುವ ವೇಗಕ್ಕೂ ಹೊಂದಾಣಿಕೆ ಬೇಕು. ಕರಗಿದ್ದು ಹೆಚ್ಚಾದರೆ ಬತ್ತಿ ಮುಳುಗುತ್ತದೆ, ಹೀರಿದ್ದು ಹೆಚ್ಚಾದರೆ ಮಸಿ ಕಾರುತ್ತದೆ.

ತಪ್ಪು ಕಲ್ಪನೆ: ಹತ್ತಿಯಾದರೆ ಸಾಕು, ಪೂಜೆಯ ಎಳೆಬತ್ತಿಯೋ ಹೊಸೆದ ದಾರವೋ ಏನಾದರೂ ನಡೆಯುತ್ತದೆ.

ವಾಸ್ತವ: ಹೊತ್ತಿಕೊಳ್ಳುತ್ತದೆ, ಸಂಶಯವಿಲ್ಲ. ಆದರೆ ಬರೀ ಹೊಸೆದ ದಾರ ಉರಿಯ ನಡುವೆ ನೆಟ್ಟಗೆ ನಿಲ್ಲುತ್ತದೆ. ಅಲ್ಲಿ ಗಾಳಿ ಸಾಲದು, ಹಾಗಾಗಿ ತುದಿ ಪೂರ್ತಿ ಸುಡದೆ ಕರಿಗಟ್ಟಿ ಅಣಬೆಯಂತೆ ಉಬ್ಬುತ್ತದೆ. ಹಿಂದೆ ಯುರೋಪಿನ ಮನೆಗಳಲ್ಲಿ ಈ ಕರಿ ಕತ್ತರಿಸಲೆಂದೇ ಪುಟ್ಟ ಡಬ್ಬಿ ಅಂಟಿಸಿದ ವಿಶೇಷ ಕತ್ತರಿ ಇರುತ್ತಿತ್ತು. ದೊಡ್ಡವರ ಮನೆಯಲ್ಲಾದರೆ ಸೇವಕರಿಗೆ ಅದೂ ಒಂದು ಕೆಲಸ. 1825ರಲ್ಲಿ ಫ್ರಾನ್ಸಿನ ಕಾಂಬಾಸೆರೆಸ್ ಎಂಬಾತ ದಾರವನ್ನು ಹೊಸೆಯುವ ಬದಲು ಜಡೆಯಂತೆ ಹೆಣೆದ. ಹೆಣೆದ ಬತ್ತಿ ಉರಿಯುತ್ತಾ ಪಕ್ಕಕ್ಕೆ ಬಾಗುತ್ತದೆ. ತುದಿ ಉರಿಯ ಹೊರ ಅಂಚಿಗೆ ಬಂದು, ಅಲ್ಲಿ ಸಿಗುವ ಗಾಳಿಯಲ್ಲಿ ಸುಟ್ಟು ಬೂದಿಯಾಗುತ್ತದೆ. ಕತ್ತರಿ ಹಿಡಿದು ಕಾಯುವ ಕೆಲಸ ಬಹುಮಟ್ಟಿಗೆ ತಪ್ಪಿತು. ನನ್ನ ಮಟ್ಟಿಗೆ ಮೇಣದ ಬತ್ತಿಯ ಚರಿತ್ರೆಯಲ್ಲಿ ಇದಕ್ಕಿಂತ ಜಾಣ ಉಪಾಯ ಇನ್ನೊಂದಿಲ್ಲ. ಅಂಗಡಿಯ ಹೆಣೆದ ಬತ್ತಿ ಸಿಗದಿದ್ದರೆ ಮೂರು ಎಳೆ ಹತ್ತಿ ನೂಲನ್ನು ಬಿಗಿಯಾಗಿ ಜಡೆ ಹೆಣೆಯಿರಿ. ಕರಗಿದ ಮೇಣದಲ್ಲಿ ಅದ್ದಿ, ಗುಳ್ಳೆ ಬರುವುದು ನಿಂತ ಮೇಲೆ ತೆಗೆದು, ನೆಟ್ಟಗೆ ಎಳೆದು ಒಣಗಿಸಿ. ನೂಲಿನೊಳಗಿನ ಗಾಳಿ ಹೊರಗೆ ಹೋಗದಿದ್ದರೆ ಉರಿ ಶುರುವಿನಲ್ಲೇ ತಡವರಿಸುತ್ತದೆ.

ತಪ್ಪು ಕಲ್ಪನೆ: ಬತ್ತಿ ಎತ್ತರವಿದ್ದರೆ ದಾರವೂ ದಪ್ಪಗಿರಬೇಕು.

ವಾಸ್ತವ: ಎತ್ತರಕ್ಕೂ ಉರಿಗೂ ಸಂಬಂಧವಿಲ್ಲ, ಅದು ಎಷ್ಟು ಹೊತ್ತು ಉರಿಯಬೇಕೆಂಬುದನ್ನಷ್ಟೇ ಹೇಳುತ್ತದೆ. ದಾರದ ದಪ್ಪ ನಿರ್ಧಾರವಾಗುವುದು ಅಗಲದಿಂದ ಮತ್ತು ಮೇಣದ ಜಾತಿಯಿಂದ. ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕರಗಿದ ಮೇಲೂ ಮಂದ. ಹೀಗಾಗಿ ಅದೇ ಅಗಲಕ್ಕೆ ಪ್ಯಾರಾಫಿನ್‌ಗಿಂತ ದಪ್ಪ ಬತ್ತಿ ಕೇಳುತ್ತದೆ. ದಾರ ಸಣ್ಣದಾದರೆ ನಡುವೆ ಬಾವಿ ತೋಡಿದಂತೆ ಇಳಿದು, ಸುತ್ತ ಮೇಣದ ಗೋಡೆ ಹಾಗೇ ಉಳಿಯುತ್ತದೆ. ಗಾಜಿನಲ್ಲಿ ಎರೆದ ಬತ್ತಿಯಲ್ಲಿ ಕರಗಿದ ಕೊಳ ಗಾಜಿನ ಅಂಚು ಮುಟ್ಟಬೇಕು. ಬಿಡಿಯಾಗಿ ನಿಲ್ಲುವ ಕಂಬದ ಬತ್ತಿಯಲ್ಲಾದರೆ ಅಂಚಿಗೆ ಸ್ವಲ್ಪ ಮೊದಲೇ ನಿಲ್ಲಬೇಕು, ಇಲ್ಲದಿದ್ದರೆ ಮೇಣ ಹೊರಗೆ ಸುರಿಯುತ್ತದೆ. ತೀರಾ ಅಗಲದ ಬಟ್ಟಲಿಗೆ ಒಂದು ದಪ್ಪ ಬತ್ತಿಗಿಂತ ಎರಡು ಮೂರು ಸಣ್ಣವು ಮೇಲು.

ಲೆಕ್ಕಾಚಾರ ಎಷ್ಟೇ ಇರಲಿ, ಕೊನೆಗೆ ಪರೀಕ್ಷೆಯೇ ಬೇಕು. ಒಂದೇ ಮೇಣ, ಒಂದೇ ಅಳತೆಯ ಮೂರು ಲೋಟ, ಮೂರು ದಪ್ಪದ ದಾರ. ಪಕ್ಕಪಕ್ಕ ಹಚ್ಚಿ ನೋಡಿ. ತಳದವರೆಗೂ ಉರಿಸಿಯೇ ನೋಡಬೇಕು. ಮೇಲೆ ಹದವಾಗಿ ಉರಿದದ್ದು ಕೆಳಗಿಳಿದಂತೆ ಗಾಜಿನ ಬಿಸಿ ಸೇರಿ ಜೋರಾಗುವುದುಂಟು.

ತಪ್ಪು ಕಲ್ಪನೆ: ಉರಿ ಕುಂದಿದರೆ ದಾರ ಉದ್ದ ಬಿಡಬೇಕು.

ವಾಸ್ತವ: ಇದು ಶುದ್ಧ ಹಣತೆಯ ಬುದ್ಧಿ. ಅಲ್ಲಿ ಬತ್ತಿಯನ್ನು ಮುಂದೆ ತಳ್ಳಿದರೆ ಬೆಳಕು ಹೆಚ್ಚುತ್ತದೆ. ಇಲ್ಲಿ ಉದ್ದ ದಾರ ಬೇಕಾದ್ದಕ್ಕಿಂತ ಹೆಚ್ಚು ಮೇಣ ಹೀರಿ ಮಸಿ ಮಾಡುತ್ತದೆ. ಪ್ರತಿ ಸಲ ಹಚ್ಚುವ ಮೊದಲು ಸುಮಾರು 6 ಮಿಲಿಮೀಟರ್ ಉಳಿಸಿ ಕತ್ತರಿಸಿ. ಮುಳುಗುತ್ತಿರುವ ಬತ್ತಿಗೆ ಮಾತ್ರ ಮದ್ದು ಬೇರೆ: ಕರಗಿದ ಮೇಣವನ್ನು ಸ್ವಲ್ಪ ಬಗ್ಗಿಸಿ ಚೆಲ್ಲಿ. ಮೊದಲ ಸಲ ಹಚ್ಚಿದಾಗ ಐದು ನಿಮಿಷಕ್ಕೆ ಆರಿಸುವುದೂ ಬೇಡ. ಪ್ರತಿ 2.5 ಸೆಂಟಿಮೀಟರ್ ಅಗಲಕ್ಕೆ ಒಂದು ಗಂಟೆಯ ಲೆಕ್ಕದಲ್ಲಿ ಉರಿಯಲು ಬಿಡಿ.

ತಪ್ಪು ಕಲ್ಪನೆ: ಮಸಿ ಬಂದರೆ ಮೇಣವೇ ಕೆಟ್ಟದ್ದು.

ವಾಸ್ತವ: ಉರಿಯ ಹಳದಿ ಬೆಳಕೇ ಕಾದು ಹೊಳೆಯುವ ಮಸಿಯ ಕಣಗಳದ್ದು. ಹದವಾದ ಉರಿಯಲ್ಲಿ ಅವು ಹೊರಗೆ ಬರುವ ಮೊದಲೇ ಸುಟ್ಟುಹೋಗುತ್ತವೆ. ಉರಿ ದೊಡ್ಡದಾದರೆ ಸೋಯಾ ಮೇಣವೂ ಮಸಿ ಕಾರುತ್ತದೆ, ಜೇನುಮೇಣವೂ ಕಾರುತ್ತದೆ.

ತಪ್ಪು ಕಲ್ಪನೆ: ಬಣ್ಣಕ್ಕೆ ಮಕ್ಕಳ ಕ್ರೇಯಾನ್, ಪರಿಮಳಕ್ಕೆ ಪನ್ನೀರು ಹಾಕಿದರಾಯಿತು.

ವಾಸ್ತವ: ಕ್ರೇಯಾನಿನ ಬಣ್ಣ ಮೇಣದಲ್ಲಿ ಕರಗದ ಪುಡಿ. ಅದು ದಾರದ ಸಂದುಗಳನ್ನು ಮುಚ್ಚಿ ಉರಿಯ ಉಸಿರು ಕಟ್ಟಿಸುತ್ತದೆ. ಅರಿಸಿನ, ಕುಂಕುಮದ್ದೂ ಇದೇ ಕತೆ. ಪನ್ನೀರಿನ ನೀರು ಮೇಣದೊಡನೆ ಬೆರೆಯದೆ ಚಟಪಟ ಸಿಡಿಯುತ್ತದೆ. ಮೇಣದಲ್ಲಿ ಕರಗುವ ಬಣ್ಣ, ಬತ್ತಿಗೆಂದೇ ಮಾಡಿದ ಸುಗಂಧ ತೈಲ ಬಳಸಿ. ಅವನ್ನು ಸೇರಿಸಿದ ಮೇಲೂ ದಾರದ ದಪ್ಪವನ್ನು ಹೊಸದಾಗಿ ಪರೀಕ್ಷಿಸಬೇಕಾದೀತು.

ತಪ್ಪು ಕಲ್ಪನೆ: ಉರಿ ಕುಣಿದರೆ ಬತ್ತಿ ಸರಿಯಿಲ್ಲ.

ವಾಸ್ತವ: ತಲೆಯ ಮೇಲೆ ಫ್ಯಾನ್ ತಿರುಗುತ್ತಿದೆಯೇ ನೋಡಿದಿರಾ? ಅದನ್ನು ನಿಲ್ಲಿಸಿ, ಕಿಟಕಿ ಮುಚ್ಚಿ, ಎರಡು ನಿಮಿಷ ಕಾಯಿರಿ. ಆಮೇಲೂ ಕುಣಿಯುತ್ತಿದ್ದರೆ ಆರಿಸಿ, ಕತ್ತರಿ ತನ್ನಿ.